ಮ್ಯಾಚ್ ಮಧ್ಯದ ಜಾಹೀರಾತು: ದುಡ್ಡೆಲ್ಲಾ ಸ್ಲಾಟಿಗೇ ಖರ್ಚಾಗ್ತಿದೆಯಾ?

ಸಂಪಾದಕರಿಗೆ ನಮಸ್ಕಾರ,

ಐಪಿಎಲ್ ಟೈಮಲ್ಲಿ ಟಿವಿಲಿ ಬರೋ ಜಾಹೀರಾತುಗಳ ಬಗ್ಗೆ ಈ ಪತ್ರ. ಜಾಹೀರಾತೇ ಬೇಡ ಅಂತ ನಾನು ಹೇಳ್ತಿಲ್ಲ. 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿಗೆ ಹೋಗಿದೆ, ಅದ್ರಲ್ಲಿ ಭಾರತದ ಟಿವಿ ಒಂದಕ್ಕೇ 23,575 ಕೋಟಿ, ಅಷ್ಟು ಸುರಿದೋರು ಎಲ್ಲಿಂದಾದ್ರೂ ವಸೂಲಿ ಮಾಡ್ಲೇಬೇಕಲ್ಲ. ಕ್ರಿಕೆಟ್ಟೂ ಇದಕ್ಕೆ ಹೇಳಿ ಮಾಡಿಸಿದ ಆಟ. ಫುಟ್ಬಾಲಲ್ಲಿ ಶುರುವಾದ್ರೆ 45 ನಿಮಿಷ ಗಡಿಯಾರ ನಿಲ್ಲಲ್ಲ, ಇಲ್ಲಿ ಓವರ್ ಮುಗಿದ್ರೆ ಒಂದು ಬ್ರೇಕ್, ವಿಕೆಟ್ ಬಿದ್ರೆ ಒಂದು, ಅದು ಸಾಲ್ದು ಅಂತ ಇನ್ನಿಂಗ್ಸಿಗೆ ಎರಡು ಸಲ ಎರಡೂವರೆ ನಿಮಿಷದ ಟೈಮ್‌ಔಟ್ ಬೇರೆ.

ನನ್ನ ತಕರಾರು ಏನಂದ್ರೆ ಹತ್ತು ಸೆಕೆಂಡಿಗೆ ಲಕ್ಷಗಟ್ಟಲೆ ಕೊಟ್ಟು ಸ್ಲಾಟ್, ಅಂದ್ರೆ ಜಾಹೀರಾತಿನ ಜಾಗ, ಹಿಡಿಯೋ ಕಂಪೆನಿಗಳು ಅಲ್ಲಿ ತೋರಿಸೋಕೆ ಮಾಡೋದು ಒಂದೇ ಒಂದು ಜಾಹೀರಾತು, ಅದನ್ನೇ ಎರಡು ತಿಂಗಳು ಉಜ್ಜೋದು. ಇಲ್ಲಿ ಮುಂಬೈ ಹತ್ರದ ಡೊಂಬಿವ್ಲಿಲಿ ನಮ್ಮ ಬಿಲ್ಡಿಂಗಿನ ಹುಡುಗ್ರು ಆರನೇ ಬಾಲ್ ಬಿದ್ದ ಕೂಡ್ಲೇ ಮೊಬೈಲ್ ಎತ್ಕೋತಾರೆ, ಟಿವಿ ಪಾಡಿಗೆ ಟಿವಿ ಕೂಗ್ತಿರುತ್ತೆ, ಲೆಕ್ಕದಲ್ಲಿ ಮಾತ್ರ ಅವ್ರೆಲ್ಲಾ ನೋಡಿದ ಹಾಗೇ.

2009ರ ಮೊಬೈಲ್ ಕಂಪೆನಿ ಜಾಹೀರಾತಲ್ಲಿ ಬರ್ತಿದ್ದ ಬಿಳಿ ಗೊಂಬೆಯಂಥ ಜೂಜೂಗಳನ್ನ ನೆನಪಿಸ್ಕೊಳ್ಳಿ. ಆ ವರ್ಷ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು, ವೊಡಾಫೋನಿಗೋಸ್ಕರ ಜಾಹೀರಾತು ಏಜೆನ್ಸಿ ಓಗಿಲ್ವಿಯವ್ರು ಸುಮಾರು 30 ಪುಟ್ಟ ಪುಟ್ಟ ಫಿಲ್ಮ್ ಮಾಡ್ಸಿದ್ರು, ತೆಗೆದಿದ್ದು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್, ಶೂಟಿಂಗ್ ಕೇಪ್‌ಟೌನಲ್ಲಿ. ನಾವೆಲ್ಲಾ ಕಾರ್ಟೂನ್ ಅಂದ್ಕೊಂಡಿದ್ದು, ಒಳಗಿದ್ದಿದ್ದು ಬಿಳಿ ಡ್ರೆಸ್ಸು ಹಾಕ್ಕೊಂಡ ಮನುಷ್ಯರೇ. ಇವತ್ತು ಯಾವುದು ಹೊಸದು ಬರುತ್ತೆ ಅಂತ ಬ್ರೇಕಿಗೋಸ್ಕರ ಕಾಯೋರು ಇದ್ರು ಮಾರಾಯ್ರೆ, ಈಗ ಅಂಥದ್ದು ಒಂದು ಹೇಳಿ ನೋಡೋಣ.

2021ರಲ್ಲಿ ಕ್ರೆಡ್ ಅನ್ನೋ ಆ್ಯಪಿನ ಜಾಹೀರಾತಲ್ಲಿ ನಮ್ಮ ದ್ರಾವಿಡ್ ಟ್ರಾಫಿಕ್ಕಲ್ಲಿ ಬ್ಯಾಟ್ ಹಿಡ್ಕೊಂಡು ಇಂದಿರಾನಗರದ ಗೂಂಡಾ ನಾನು ಅಂತ ಕೂಗಾಡಿದ್ದು ಇಲ್ಲಿನ ಮರಾಠಿ, ಗುಜರಾತಿ ಜನಕ್ಕೂ ಹಿಡಿಸ್ತು, ಇಂದಿರಾನಗರ ಎಲ್ಲಿದೆ ಅಂತ ನಮ್ಮನ್ನ ಕೇಳಿದ್ರು. ಆದ್ರೆ ಆ ಕ್ರೆಡ್ ಆ್ಯಪ್ ಇರೋದು ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟೋಕೆ ಅಂತ ಎಷ್ಟು ಜನಕ್ಕೆ ತಲೆಗೆ ಹೋಯ್ತೋ, ನಂಗೆ ಡೌಟೇ. ಹೆಸ್ರಂತೂ ಉಳೀತು, ಅಷ್ಟೂ ಆಗದೇ ಇರೋವು ಬೇಕಾದಷ್ಟಿವೆ.

ಹೆಸರು ಉಳಿದ್ರೆ ಕಂಪೆನಿ ಉಳಿಯುತ್ತೆ ಅಂತಾನೂ ಇಲ್ಲ ಬಿಡಿ. ಇಂಡಿಯಾ ಜೆರ್ಸಿ ಮೇಲೆ ಆನ್‌ಲೈನ್ ಪಾಠದ ಕಂಪೆನಿ ಬೈಜೂಸ್ ಹೆಸ್ರು ಇತ್ತು, ಕೊನೆಗೆ 158 ಕೋಟಿ ಬಾಕಿಗೆ ಕ್ರಿಕೆಟ್ ಮಂಡಳಿ ಬಿಸಿಸಿಐ ಅದರ ಮೇಲೆ ದಿವಾಳಿ ಅರ್ಜಿನೇ ಹಾಕ್ತು. ಜೆರ್ಸಿ ಮೇಲೆ ಅದರ ಜಾಗಕ್ಕೆ ಫ್ಯಾಂಟಸಿ ಕ್ರಿಕೆಟ್ ಆ್ಯಪ್ ಡ್ರೀಮ್11 ಬಂತು, 2025ರಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಗೇಮಿಗೆ ನಿಷೇಧ ಬಂದ ಮೇಲೆ ಅದೂ ಹೋಯ್ತು, ಆಮೇಲೆ ಅಪೊಲೊ ಟೈರ್ಸ್.

ಇನ್ನು ಕನ್ನಡ ಕಾಮೆಂಟರಿ ಹಾಕ್ಕೊಂಡು ನೋಡೋ ನಮ್ಮಂಥವ್ರ ಕಥೆ. ಆಟ ಕನ್ನಡದಲ್ಲಿ, ಬ್ರೇಕ್ ಬಂತೋ ಹಿಂದಿ ಜಾಹೀರಾತಿಗೆ ಅಂಟಿಸಿದ ಕನ್ನಡ, ಬಾಯಿ ಒಂದು ಕಡೆ ಮಾತು ಒಂದು ಕಡೆ. ಜಾಹೀರಾತು ತಯಾರಾಗೋ ಊರೇ ಮುಂಬೈ, ಮಾಟುಂಗಾ ಮುಲುಂಡ್ ಅಂತ ಕನ್ನಡದವ್ರು ಊರು ತುಂಬಾ ಇದ್ದಾರೆ, ಒಬ್ಬರನ್ನ ಕೂರಿಸಿ ನಾಲ್ಕು ಸಾಲು ಬರೆಸೋಕೆ ಏನು ಕಷ್ಟ? ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಬೇಡ ಅಂತ ಕೇಬಲ್ ಟಿವಿ ನಿಯಮದಲ್ಲಿದೆ, ಅದರ ಜೊತೆ ಒಂದೇ ಜಾಹೀರಾತು ಒಂದು ಇನ್ನಿಂಗ್ಸಲ್ಲಿ ಎರಡು ಸಲಕ್ಕಿಂತ ಜಾಸ್ತಿ ಬೇಡ ಅಂತ ಚಾನೆಲ್ಲುಗಳೇ ಹಾಕ್ಕೊಳ್ಲಿ.

ಇತಿ,
ಒಬ್ಬ ಓದುಗ, ಡೊಂಬಿವ್ಲಿ