ರನ್‌ವೇ ಇಲ್ಲದ ಕಡೆ ವಿಮಾನ ಇಳಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನದಿ ದಂಡೆಯ ಜಲ್ಲಿ, ಮರಳು, ಹುಲ್ಲುಗಾವಲಿನಲ್ಲಿ ಇಳಿಸುವವರು ದಯವಿಟ್ಟು ಪೂರ್ತಿ ಓದಿ.

ಒಂದೇ ಸುತ್ತು ನೋಡಿ ಇಳಿಸಬೇಡಿ. ಮೊದಲು ಎತ್ತರದಿಂದ ಗಾಳಿ, ಇಳಿಜಾರು, ವಾಪಸ್ ಏರುವ ದಾರಿ ನೋಡಿ. ಆಮೇಲೆ ಪಕ್ಕದಿಂದ ತಗ್ಗಿನಲ್ಲಿ ಹಾರಿ ಗುಂಡಿ, ಮರದ ದಿಮ್ಮಿ ಹುಡುಕಿ. ಉದ್ದ ಗೊತ್ತಾಗಬೇಕೆ? ನೆಲದ ಮೇಲಿನ ವೇಗ 60 ನಾಟ್ ಇದ್ದರೆ ಸೆಕೆಂಡಿಗೆ ಸುಮಾರು 30 ಮೀಟರ್. ಜಾಗದ ಒಂದು ತುದಿಯಿಂದ ಇನ್ನೊಂದು ತುದಿಗೆ ಹತ್ತು ಸೆಕೆಂಡ್ ಎಣಿಸಿದರೆ ಸುಮಾರು 300 ಮೀಟರ್. ಗಡಿಯಾರ ನೋಡಿಯೇ ಎಣಿಸಿ, ಗಾಬರಿಯಲ್ಲಿ ಬಾಯೆಣಿಕೆ ಓಡುತ್ತದೆ.

ಈ ಸುತ್ತುಗಳಲ್ಲೇ ಸ್ಟಾಲ್ ಆಗಿ (ವೇಗ ಸಾಲದೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು) ಬಿದ್ದವರಿದ್ದಾರೆ. ಎತ್ತರ ಕಾಯ್ದುಕೊಂಡು 60 ಡಿಗ್ರಿ ವಾಲಿಸಿದರೆ ಸ್ಟಾಲ್ ವೇಗ ಶೇ. 41 ಏರುತ್ತದೆ. 30 ಡಿಗ್ರಿ ದಾಟಬೇಡಿ, ಕಣ್ಣು ನೆಲದಲ್ಲೇ ನೆಡಬೇಡಿ.

ಇಳಿಯುವ ವೇಗದ ಶೇ. 10ರಷ್ಟು ಹಿಂಗಾಳಿ (ಹಿಂದಿನಿಂದ ಬೀಸುವ ಗಾಳಿ) ಇದ್ದರೂ ನೆಲದ ಮೇಲಿನ ಓಟ ಸುಮಾರು ಶೇ. 21 ಉದ್ದವಾಗುತ್ತದೆ.

ಬಾಲಚಕ್ರದ ವಿಮಾನದವರು ಮೆತ್ತನೆ ಮರಳಿನಲ್ಲಿ ಬ್ರೇಕ್ ಮುಟ್ಟಬೇಡಿ. ಚಕ್ರ ಹೂತು, ಬಾಲ ಎದ್ದು, ಪ್ರೊಪೆಲರ್ ನೆಲಕ್ಕೆ ಬಡಿಯುತ್ತದೆ. ಆಮೇಲೆ ಎಂಜಿನ್ ಬಿಚ್ಚಿಸಿ ಪರೀಕ್ಷಿಸದೆ ಗತಿಯಿಲ್ಲ. ಬಾಲ ಏಳದಂತೆ ಸ್ಟಿಕ್ (ವಿಮಾನ ನಿಯಂತ್ರಿಸುವ ಹಿಡಿ) ಪೂರ್ತಿ ಹಿಂದಕ್ಕಿರಲಿ.

ಮಗುಚಿದಾಗ ವಿಮಾನದ ಬೀಕನ್‌ನ (ಅಪಾಯದ ಸಂಕೇತ ಕಳಿಸುವ ಸಾಧನ) ಆಂಟೆನಾ ಮುರಿಯಬಹುದು. 406 ಮೆಗಾಹರ್ಟ್ಸ್‌ನ ವೈಯಕ್ತಿಕ ಬೀಕನ್ ಬ್ಯಾಗಿನಲ್ಲಲ್ಲ, ಮೈಮೇಲಿನ ಜೇಬಿನಲ್ಲಿರಲಿ.