ಕಾಪಿ ಮುಗಿದ ತಕ್ಷಣ ಪೆನ್‌ಡ್ರೈವ್ ಕೀಳಬೇಡಿ

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಕರೆಂಟಿಗೆ ಹೊತ್ತುಗೊತ್ತಿಲ್ಲ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಬಳಸುವ ಶಾಲೆ, ಸಂಘಗಳಲ್ಲಿ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್‌ಗಳನ್ನು ಹಾಗೆಯೇ ಎಳೆದುಕೊಳ್ಳುವ ರೂಢಿ ಈ ಕಾಲದಲ್ಲಾದರೂ ನಿಲ್ಲಬೇಕು.

ಕಾಪಿ ಮುಗಿಯಿತೆಂದು ಪರದೆ ತೋರಿಸಿದರೂ ಕಡತ ಡಿಸ್ಕ್ ಸೇರಿರುತ್ತದೆ ಎಂದೇನಿಲ್ಲ. ಲಿನಕ್ಸ್ ಅದನ್ನು ಮೊದಲು ಕಂಪ್ಯೂಟರಿನ ತಾತ್ಕಾಲಿಕ ಸ್ಮರಣೆಯಾದ ರ‍್ಯಾಮ್‌ನಲ್ಲಿ ಇಟ್ಟುಕೊಂಡು, ಆಮೇಲೆ ಡಿಸ್ಕಿಗೆ ಬರೆಯುತ್ತದೆ. ಸಾಮಾನ್ಯವಾಗಿ 30 ಸೆಕೆಂಡಿನಷ್ಟು ಕಾಲ ಅದು ರ‍್ಯಾಮ್‌ನಲ್ಲೇ ಕಾಯಬಹುದು. ನಿಧಾನದ ಪೆನ್‌ಡ್ರೈವಿಗೆ ದೊಡ್ಡ ವಿಡಿಯೋ ಹಾಕಿದ್ದರೆ ಬರೆದು ಮುಗಿಸಲು ನಿಮಿಷಗಳೇ ಬೇಕು. ಆ ನಡುವೆ ಕಿತ್ತರೆ ಫೋಲ್ಡರಿನಲ್ಲಿ ಕಡತದ ಹೆಸರು ಕಂಡರೂ, ತೆರೆದರೆ ಸೊನ್ನೆ ಬೈಟ್ ಇರಬಹುದು. ಇಎಕ್ಸ್‌ಟಿ4 ಎಂಬ ಕ್ರಮದಲ್ಲಿ ಕಡತ ಜೋಡಿಸಿಡುವ ಡಿಸ್ಕಾದರೆ, ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಕೊಳ್ಳುವ ಜರ್ನಲ್ ಇರುವುದರಿಂದ ಉಳಿದ ಕಡತಗಳಾದರೂ ಬಹುಮಟ್ಟಿಗೆ ಬಚಾವು. ಪೆನ್‌ಡ್ರೈವುಗಳಲ್ಲಿ ಇರುವ ಕ್ರಮ ಹೆಚ್ಚಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಅವಕ್ಕೆ ಆ ಆಸರೆಯೂ ಇಲ್ಲ.

ಫೈಲ್ ಮ್ಯಾನೇಜರಿನಲ್ಲಿ ಡ್ರೈವಿನ ಹೆಸರಿನ ಪಕ್ಕದ ಇಜೆಕ್ಟ್ ಗುರುತು ಒತ್ತಿ, ತೆಗೆಯಬಹುದು ಎಂಬ ಸೂಚನೆ ಬರುವವರೆಗೆ ಕಾದರೆ ಸಾಕು. ಕಮಾಂಡ್ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಾದರೆ 'ಯುಮೌಂಟ್' (umount) ಬರೆದು ಮುಂದೆ ಡ್ರೈವ್ ಮೌಂಟ್ ಆದ, ಅಂದರೆ ಜೋಡಿಸಿಕೊಂಡಿರುವ, ಫೋಲ್ಡರಿನ ದಾರಿ (ಪಾತ್) ಕೊಡಬೇಕು. ಈ ಕಮಾಂಡಿನಲ್ಲಿ ಯು ಆದಮೇಲೆ ಎನ್ ಅಕ್ಷರ ಇಲ್ಲ. ಹೊಸಬರು ಎಡವುವುದು ಇಲ್ಲೇ. ಪ್ರಾಂಪ್ಟ್ (ಮುಂದಿನ ಕಮಾಂಡಿಗೆ ಕಾಯುವ ಗುರುತು) ಮರಳುವ ತನಕ ಡ್ರೈವ್ ಮುಟ್ಟಬಾರದು.

'ಟಾರ್ಗೆಟ್ ಈಸ್ ಬಿಸಿ' ಎಂದು ಬಂದರೆ ಯಾವುದೋ ಪ್ರೋಗ್ರಾಮ್ ಆ ಡಿಸ್ಕನ್ನು ಹಿಡಿದಿದೆ ಎಂದರ್ಥ. ಎಷ್ಟೋ ಸಲ ಟರ್ಮಿನಲ್ಲೇ ಆ ಫೋಲ್ಡರಿನೊಳಗೆ ಕೂತಿರುತ್ತದೆ. ಬರೀ 'ಸಿಡಿ' (cd) ಎಂದು ಹೊಡೆದು ಹೊರಬಂದು ಮತ್ತೆ ಪ್ರಯತ್ನಿಸಿ. ಆಗಲೂ ಬಿಡದಿದ್ದರೆ 'ಎಲ್‌ಎಸ್‌ಓಎಫ್' ಕಮಾಂಡಿಗೆ ಅದೇ ದಾರಿ ಕೊಟ್ಟರೆ ಹಿಡಿದಿರುವ ಪ್ರೋಗ್ರಾಮಿನ ಹೆಸರು ಸಿಗುತ್ತದೆ, ಅದನ್ನು ಮುಚ್ಚಿ. ಯುಮೌಂಟ್‌ಗೆ 'ಎಲ್' ಆಯ್ಕೆ ಸೇರಿಸುವ ಅಡ್ಡದಾರಿ ಬೇಡ. ಡಿಸ್ಕ್ ಕಣ್ಣಿಗೆ ಮರೆಯಾಗುತ್ತದೆ, ಬರೆಯುವುದು ಒಳಗೊಳಗೇ ನಡೆದಿರುತ್ತದೆ.

ಬ್ಯಾಕಪ್ ಡಿಸ್ಕನ್ನು, ಆನ್ ಆದಾಗ ಯಾವ ಡಿಸ್ಕ್ ಜೋಡಿಸಬೇಕೆಂಬ ಪಟ್ಟಿಯ ಕಡತವಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಸೇರಿಸುವವರು ಎಸ್‌ಡಿಬಿ ಎಂದು ಲಿನಕ್ಸ್ ಕೊಡುವ ಹೆಸರಿನ ಬದಲು ಡಿಸ್ಕಿನದೇ ಗುರುತು ಸಂಖ್ಯೆಯಾದ ಯುಯುಐಡಿ ಬರೆಯಲಿ, ಏಕೆಂದರೆ ಆ ಹೆಸರು ಮುಂದಿನ ಸಲ ಎಸ್‌ಡಿಸಿ ಆಗಿರಬಹುದು. ಜೊತೆಗೆ, ಡಿಸ್ಕ್ ಇಲ್ಲದಿದ್ದರೂ ಮುಂದೆ ಹೋಗು ಎನ್ನುವ 'ನೋಫೇಲ್' ಆಯ್ಕೆ ಇರಲೇಬೇಕು. ಇಲ್ಲದಿದ್ದರೆ, ಡಿಸ್ಕ್ ಹಾಕದೆ ಆನ್ ಮಾಡಿದ ದಿನ ಕಂಪ್ಯೂಟರ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ.

ಬರೆಯುತ್ತಿರುವಾಗಲೇ ಕರೆಂಟು ಹೋದರೆ, ಬಂದ ಮೇಲೆ ಆ ಡಿಸ್ಕಿಗೆ ಹೊಸದೇನನ್ನೂ ಹಾಕದೆ ಮೊದಲು, ಡಿಸ್ಕ್ ಪರೀಕ್ಷಿಸಿ ಸರಿಪಡಿಸುವ 'ಎಫ್‌ಎಸ್‌ಸಿಕೆ' ನಡೆಸಬೇಕು, ಅದೂ ಯುಮೌಂಟ್ ಮಾಡಿದ ಮೇಲೆಯೇ. ಮೌಂಟ್ ಆಗಿರುವ ಡಿಸ್ಕಿನ ಮೇಲೆ ನಡೆಸಿದರೆ ಸರಿಯಿದ್ದ ಕಡತಗಳೂ ಕೆಡಬಹುದು.

— ಓದುಗರು, ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ