ಭಾನುವಾರ ಖೋತಾಚಿವಾಡಿಗೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಕ್ರಿಸ್‌ಮಸ್ ಅಲಂಕಾರ ನೋಡಲು ಮುಂಬೈ ಗಿರಗಾಂವ್‌ನ ಹಳೆಯ ಕ್ರೈಸ್ತ ಕೇರಿ ಖೋತಾಚಿವಾಡಿಗೆ ಹೋಗುವುದು ಗಟ್ಟಿಯಾಯಿತು. ಮನೆಗಳಿಗೆ ಇಷ್ಟೆಲ್ಲ ಅಲಂಕಾರ ಯಾಕೆ ಅಂತ ಮಕ್ಕಳು ಖಂಡಿತ ಕೇಳುತ್ತಾರೆ. ಸುಮ್ನೆ ಚೆಂದಕ್ಕೆ ಅಂತ ಹೇಳಿ ಮುಗಿಸಬೇಡಿ.

ಬಾಗಿಲಲ್ಲಿ ತೂಗುವ ನಕ್ಷತ್ರ, ಹುಟ್ಟಿದ ಯೇಸುವನ್ನು ನೋಡಲು ಹೊರಟ ಜ್ಞಾನಿಗಳಿಗೆ ಬೆತ್ಲೆಹೇಮಿನ ದಾರಿ ತೋರಿಸಿದ ನಕ್ಷತ್ರದ ನೆನಪು. ನಮ್ಮ ದೀಪಾವಳಿಯ ಗೂಡುದೀಪದ ಹಾಗೆಯೇ ಅದನ್ನೂ ಮನೆಯ ಹೊರಗೆ, ಬೀದಿಗೆ ಕಾಣುವಂತೆ ಕಟ್ಟುತ್ತಾರೆ. ಕ್ರಿಸ್‌ಮಸ್ ಮರ ಜರ್ಮನಿಯ ಕಡೆಯಿಂದ ಬಂದದ್ದು. 1848ರಲ್ಲಿ ವಿಕ್ಟೋರಿಯಾ ರಾಣಿಯ ಮನೆಯವರು ಮರದ ಸುತ್ತ ನಿಂತ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಇಂಗ್ಲೆಂಡಿನಲ್ಲಿ ಅದು ಜಾಸ್ತಿ ಜನರ ಮನೆ ಸೇರಿತು. ಚಳಿಗಾಲದಲ್ಲೂ ಹಸಿರಾಗಿರುವ ಮರ ಅದು, ಹಿಮ ಬೀಳುವ ಊರಿನವರಿಗೆ ಆ ಹಸಿರು ಎಷ್ಟು ದೊಡ್ಡದು ಅಲ್ವಾ?

ನನಗೆ ಎಲ್ಲಕ್ಕಿಂತ ಇಷ್ಟ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಮಾದರಿ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು, ಎತ್ತು, ಕತ್ತೆ ತರಿಸಿ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಜನರ ಕಣ್ಣ ಮುಂದೆ ನಿಲ್ಲಿಸಿದರು, ಓದು ಬಾರದವರಿಗೂ ಆ ಬಡತನ ಕಾಣುವಂತೆ. ಹಲವು ಮನೆಗಳಲ್ಲಿ ಡಿಸೆಂಬರ್ 24ರ ರಾತ್ರಿಯವರೆಗೆ ಗೋದಲಿಯಲ್ಲಿ ಮಗು ಯೇಸುವಿನ ಜಾಗ ಖಾಲಿ ಇರುತ್ತದೆ, ಮಕ್ಕಳಿಗೆ ಅದನ್ನು ತೋರಿಸಿ.

ಅಲ್ಲಿ ಗಲ್ಲಿಗಳು ಸಣ್ಣವು, ಒಳಗೆ ಜನ ವಾಸ ಇದ್ದಾರೆ. ಕೇಳದೆ ಮನೆಯ ಫೋಟೋ ತೆಗೆಯಬೇಡಿ. ಚರ್ನಿ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗೋಣ, ಬರುವವರು ಇವತ್ತೇ ಹೆಸರು ಹಾಕಿ.